ಮೂರನೇ ಜಾಡಿಗೆ ಹಾಕಿದ ಹೆಪ್ಪು

ಮೂರನೇ ಜಾಡಿಗೆ ಒಂದು ಸೌಟು ಹೆಪ್ಪು ಹಾಕಿದವಳು ನಾನೇ. ಹಾಕು ಎಂದು ಯಾರೂ ಹೇಳಿರಲಿಲ್ಲ. ಹಾಕಬೇಡ ಎಂದು ಎರಡು ಸಲ ಹೇಳಿದ್ದರು.

ಹೇಳಿದ್ದವಳು ನನ್ನ ಮಗನ ಮಗಳು. ಮಂಡ್ಯದ ಹಾಸ್ಟೆಲಿನಲ್ಲಿದ್ದುಕೊಂಡು ಎಂಎಸ್ಸಿ ಓದುತ್ತಾಳೆ. ಕಣ್ಣಿಗೆ ಕಾಣದ ಜೀವಗಳ ಓದು. ಕೊನೆಯ ವರ್ಷ ಒಂದು ಕೆಲಸವನ್ನು ತಾನೇ ಮಾಡಿ, ಬರೆದು, ಕಾಲೇಜಿಗೆ ಒಪ್ಪಿಸಬೇಕಂತೆ. ಅದು ಸರಿಯಾಗದಿದ್ದರೆ ಆ ವರ್ಷವೇ ಹೋಯಿತು. ಜೊತೆಯ ಹುಡುಗಿಯರು ಮಣ್ಣು, ಮೊಸರು, ಚರಂಡಿ ನೀರು ಎಂದು ಆರಿಸಿಕೊಂಡರು. ಇವಳು ಕೆಂಪು ವೈನು ಆರಿಸಿಕೊಂಡಳು.

ಪೊಟ್ಟಣದಲ್ಲಿ ಮಾರುವ ಈಸ್ಟು ಹಾಕಿದರೆ ವೈನು ಬೇಗ ಆಗುತ್ತದೆ. ಇವಳಿಗೆ ಅದು ಬೇಡ. ದ್ರಾಕ್ಷಿ ತನ್ನ ಪಾಡಿಗೆ ತಾನು ಹುಳಿತು ವೈನಾಗಬೇಕು. ಆಗ ಅದರೊಳಗೆ ಯಾವ ಯಾವ ಕಾಡು ಈಸ್ಟು ಇರುತ್ತದೆ, ಒಂದು ತೋಟದ್ದಕ್ಕೂ ಇನ್ನೊಂದು ತೋಟದ್ದಕ್ಕೂ ಏನು ವ್ಯತ್ಯಾಸ ಎಂದು ನೋಡಬೇಕು. ಕಾಲೇಜಿನ ಲ್ಯಾಬಿನಲ್ಲಿ ಬೇರೆ ಯಾರೋ ಪೊಟ್ಟಣದ ಈಸ್ಟಿನ ಕೆಲಸ ಮಾಡುತ್ತಿದ್ದರು. ಅದು ಹಾರಿ ಬಂದು ಇವಳ ಜಾಡಿಗೆ ಬಿದ್ದರೆ ಎಲ್ಲ ಕೆಡುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಇಡುವುದು ಎಂದು ತೀರ್ಮಾನವಾಯಿತು. ನಮ್ಮದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿರುವ ಸಣ್ಣ ಊರು. ರಾಗಿ ಮೂಟೆ ಇಡುವ ಕೋಣೆಯೊಂದು ತಂಪಾಗಿ, ಕತ್ತಲಾಗಿ ಇದೆ.

ನನ್ನ ಸೊಸೆಗೆ ಇದು ಸರಿಬರಲಿಲ್ಲ. ಮನೆಯೊಳಗೆ ಹೆಂಡ ಇಟ್ಟುಕೊಂಡಿದ್ದೇವೆ ಎಂದು ಊರಿನವರು ಆಡಿಕೊಳ್ಳುತ್ತಾರೆ ಎಂದಳು. ಹೇಳಿ ನನ್ನ ಮುಖ ನೋಡಿದಳು, ಯಾಕೆಂದರೆ ನನ್ನ ಗಂಡ ಕುಡಿದೇ ಸತ್ತವನು. ಅವನು ಕುಡಿದದ್ದು ಅಂಗಡಿಯದು, ಇದು ಓದಿನದು, ಯಾರಿಗೂ ಒಂದು ತೊಟ್ಟೂ ಸಿಗುವುದಿಲ್ಲ ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಮೂರು ಕಡೆಯ ಕಪ್ಪು ದ್ರಾಕ್ಷಿ ಬಂತು. ಒಂದು ಸೋಮನಹಳ್ಳಿ ಆಚೆಯ ತೋಟದ್ದು. ಇನ್ನೊಂದು ಮಳವಳ್ಳಿ ಹತ್ತಿರದ ತೋಟದ್ದು. ಮೂರನೆಯದು ತೋಟದ್ದಲ್ಲ. ಪೂರಿಗಾಲಿಯಲ್ಲಿ ನನ್ನ ತಮ್ಮನ ಮನೆಯ ಮುಂದೆ ಚಪ್ಪರಕ್ಕೆ ಹಬ್ಬಿಸಿದ ಒಂದೇ ಬಳ್ಳಿಯದು. ಅದಕ್ಕೆ ಯಾರೂ ಔಷಧಿ ಹೊಡೆದವರಲ್ಲ. ಅಲ್ಲಿಗೆ ಹುಡುಗಿಯೇ ಹೋಗಿ ತಂದಳು. ನಾನು ಹೋಗಲಿಲ್ಲ. ಅವ್ವ ಸತ್ತ ದಿನ ನಾನು ಬಸ್ಸಿಳಿದು ಓಡಿ ಬರುವಷ್ಟರಲ್ಲಿ ತಮ್ಮ ಹೆಣ ಎತ್ತಿಸಿ, ಬೆಂಕಿ ಕೊಟ್ಟು ಮುಗಿಸಿದ್ದ. ಅವತ್ತಿನಿಂದ ಆ ಮನೆಯ ಹೊಸಿಲು ನಾನು ತುಳಿದಿರಲಿಲ್ಲ. ಹದಿನಾರು ವರ್ಷವಾಗಿತ್ತು.

ಹಣ್ಣು ತೊಳೆಯಬಾರದು ಎಂದಳು ಹುಡುಗಿ. ಕಾಯಿಯ ಮೇಲೆ ಬೂದಿ ಬಡಿದ ಹಾಗೆ ಬೆಳ್ಳಗೆ ಇರುತ್ತದಲ್ಲ, ಈಸ್ಟು ಅಲ್ಲೇ ಅಂಟಿಕೊಂಡಿರುತ್ತದಂತೆ. ತೊಳೆಯದೆ ತೊಟ್ಟು ಬಿಡಿಸಿ, ಕೈಯಲ್ಲಿ ಹಿಸುಕಿ, ಸಿಪ್ಪೆ ಬೀಜ ಸಮೇತ ಮೂರು ಗಾಜಿನ ಜಾಡಿಗೆ ತುಂಬಿದೆವು. ಒಂದು ಜಾಡಿಯದು ಮುಗಿದ ಮೇಲೆ ಕೈ ತೊಳೆದು, ಬಿಸಿನೀರಲ್ಲಿ ಪಾತ್ರೆ ಅದ್ದಿ, ಆಮೇಲೆ ಇನ್ನೊಂದು. ಸಕ್ಕರೆಯನ್ನೂ ಹಾಕಲಿಲ್ಲ. ಮಂಡ್ಯದ ಸೀಮೆಯಲ್ಲಿ ಹುಟ್ಟಿ ಸಕ್ಕರೆ ಬೆಲ್ಲ ಮುಟ್ಟಿಸದೆ ಒಂದು ಪದಾರ್ಥ ಮಾಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಹುಡುಗಿ ವಾರವೆಲ್ಲ ಮಂಡ್ಯದಲ್ಲಿರಬೇಕು, ಬರುವುದು ಭಾನುವಾರ. ನಡುವೆ ನೋಡಿಕೊಳ್ಳುವವಳು ನಾನು. ಸಿಪ್ಪೆ ಮೇಲಕ್ಕೆದ್ದು ಗಟ್ಟಿಯಾಗಿ ಕೂರುತ್ತದೆ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಅದನ್ನು ಒಳಕ್ಕೆ ಅದುಮಬೇಕು. ಮೂರು ಜಾಡಿಗೆ ಮೂರು ಮರದ ಸೌಟು. ನನಗೆ ಓದು ನಿಧಾನ. ಅದಕ್ಕೆ ಚೀಟಿ ಅಂಟಿಸುವ ಬದಲು ಜಾಡಿಗೂ ಸೌಟಿಗೂ ಒಂದೇ ಬಣ್ಣದ ದಾರ ಕಟ್ಟಿದಳು. ಸೋಮನಹಳ್ಳಿಯದಕ್ಕೆ ಕೆಂಪು, ಮಳವಳ್ಳಿಯದಕ್ಕೆ ಹಳದಿ, ಪೂರಿಗಾಲಿಯದಕ್ಕೆ ಬಿಳಿ.

"ಒಂದರ ಸೌಟು ಇನ್ನೊಂದಕ್ಕೆ ಹಾಕ್ಬೇಡ ಕಣಜ್ಜಿ," ಎಂದಳು. "ಇದರದ್ದು ಅದಕ್ಕೆ ಸೇರ್ಬಾರ್ದು. ಅಷ್ಟೇ ಮುಖ್ಯ."

ಆಯಿತು ಎಂದೆ. ಬಸ್ಸಿಗೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತ ಅದನ್ನೇ ಇನ್ನೊಮ್ಮೆ ಹೇಳಿದಳು. ನನಗೇನು ಕಿವಿ ಕೇಳಿಸಲ್ವಾ ಎಂದು ಬೈದೆ.

ಕೆಂಪು ದಾರದ ಜಾಡಿ ಎರಡನೇ ದಿನಕ್ಕೇ ಎದ್ದಿತು. ಕಿವಿ ಹತ್ತಿರ ಹಿಡಿದರೆ ದೂರದಲ್ಲಿ ಎಣ್ಣೆಯಲ್ಲಿ ಏನೋ ಕರಿಯುತ್ತಿರುವ ಹಾಗೆ ಸದ್ದು. ಸಿಪ್ಪೆ ಅದುಮಿದರೆ ನೇರಳೆ ಬಣ್ಣದ ನೊರೆ ಬುಸ್ಸೆಂದು ಬರುತ್ತಿತ್ತು. ಹಳದಿ ದಾರದ್ದು ಮೂರನೇ ದಿನ ಶುರುವಾಯಿತು. ಬಿಳಿ ದಾರದ್ದು ಮಾತ್ರ ಹಿಸುಕಿಟ್ಟಾಗ ಹೇಗಿತ್ತೋ ಹಾಗೇ ಇತ್ತು. ನೊರೆ ಇಲ್ಲ, ಸದ್ದಿಲ್ಲ.

ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ರೊಟ್ಟಿ ತಟ್ಟುತ್ತ ತಟ್ಟುತ್ತ ಎದ್ದು ಹೋಗಿ ನೋಡುವೆ. ಹಸುವಿಗೆ ಹುಲ್ಲು ಹಾಕಿ, ಕೈ ಒರೆಸಿಕೊಂಡು ಹೋಗಿ ನೋಡುವೆ. ಜಾಡಿಯನ್ನು ಬಾಗಿಲ ಕಡೆ ಸರಿಸಿದೆ, ಮತ್ತೆ ಗೋಡೆಗೆ ಸರಿಸಿದೆ. ಹಣ್ಣು ಕೊಳೆತುಹೋದರೆ ಹುಡುಗಿಯ ಕೆಲಸ ಹೋಯಿತು ಎಂಬ ಚಿಂತೆ ಒಂದು. ಇನ್ನೊಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಎರಡು ಪರರ ತೋಟದ ಹಣ್ಣು ಕುಣಿಯುತ್ತಿರುವಾಗ ನನ್ನ ತವರಿನ ಹಣ್ಣು ಸೊರಗಿ ಕೂತದ್ದು ನನಗೆ ಅವಮಾನವಾಯಿತು. ಮಾತು ಬಿಟ್ಟ ತವರು. ಆದರೂ ಆಯಿತು.

ಐದನೇ ದಿನ ಬೆಳಿಗ್ಗೆ ಕೆಂಪು ಜಾಡಿಯಿಂದ ಒಂದು ಸೌಟು ರಸ ತೆಗೆದು ಬಿಳಿ ಜಾಡಿಗೆ ಬಿಟ್ಟೆ.

ಇದರಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ. ನಮ್ಮ ಮನೆಯ ಮೊಸರು ಹೆಪ್ಪಾಗದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ತಂದು ಹಾಕುತ್ತೇವೆ. ಅವರದು ಹಾಳಾದರೆ ನಮ್ಮಿಂದ ಒಯ್ಯುತ್ತಾರೆ. ಬೀದಿಯಲ್ಲಿ ಯಾರ ಮನೆಯ ಮೊಸರು ಯಾರದು ಎಂದು ಯಾರೂ ಕೇಳುವುದಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಹಾಕಿದ್ದು ಅದೇ ಹೆಪ್ಪು. ಸೌಟು ಸೇರಿಸಬೇಡ ಎಂದಿದ್ದಳಲ್ಲ, ಸೌಟು ಸೇರಿಸಲಿಲ್ಲ, ಎತ್ತಿ ಹಿಡಿದು ಮೇಲಿನಿಂದ ಬಿಟ್ಟೆ. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಾರನೇ ಬೆಳಿಗ್ಗೆ ಬಿಳಿ ಜಾಡಿ ತುಂಬ ನೊರೆ.

ಭಾನುವಾರ ಹುಡುಗಿ ಬಂದಳು. ಮೂರೂ ಎದ್ದಿರುವುದನ್ನು ನೋಡಿ ನನ್ನ ಕೆನ್ನೆ ಹಿಂಡಿದಳು. ಮೂರು ಪುಟ್ಟ ಬಾಟಲಿಗೆ ರಸ ತುಂಬಿ, ಐಸು ಹಾಕಿದ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ನಾನು ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡೆ. ಹೇಳುವಂಥದ್ದು ಏನೂ ಇಲ್ಲದಿದ್ದರೆ ಯಾಕೆ ಅಷ್ಟು ಹೊತ್ತು ಕೊಟ್ಟಿಗೆಯಲ್ಲಿ ಹೋಗಿ ಕೂತೆ ಎಂದು ಈಗ ಕೇಳಿಕೊಳ್ಳುತ್ತೇನೆ.

ಮೂರು ವಾರ ಕಳೆಯಿತು. ಒಂದು ಭಾನುವಾರ ಬಂದವಳ ಮುಖ ಅರಳಿತ್ತು. ಫೋನಿನಲ್ಲಿ ಗಾಜಿನ ತಟ್ಟೆಗಳ ಫೋಟೋ ತೋರಿಸಿದಳು. ತಟ್ಟೆಯ ಮೇಲೆ ಚುಕ್ಕಿ ಚುಕ್ಕಿ. ಒಂದೊಂದು ಚುಕ್ಕಿಯೂ ಒಂದೊಂದು ಈಸ್ಟಿನ ಸಂಸಾರವಂತೆ. ಕೆಲವು ಕೆನೆಯ ಹಾಗೆ ನುಣ್ಣಗೆ, ಕೆಲವು ಸುಕ್ಕು ಸುಕ್ಕು, ಒಂದು ನಸುಗೆಂಪು. ದ್ರಾಕ್ಷಿ ಹುಳಿಯುವಾಗ ಮೊದಲು ಹತ್ತಾರು ಜಾತಿ ಏಳುತ್ತವಂತೆ. ರಸ ಅಮಲೇರಿದ ಹಾಗೆ ಒಂದೊಂದೇ ಸಾಯುತ್ತವೆ, ಕೊನೆಗೆ ತಡೆದುಕೊಳ್ಳುವ ಒಂದೋ ಎರಡೋ ಉಳಿಯುತ್ತವೆ. ನಮ್ಮ ಕಡೆ ಮದುವೆ ಮನೆಯಲ್ಲೂ ಹಾಗೆಯೇ. ಮೊದಲ ಪಂಕ್ತಿಗೆ ಬರುವವರು ಬೇರೆ, ಕೊನೆಗೆ ಹಂಡೆ ತೊಳೆಯುವವರೆಗೂ ಉಳಿಯುವವರು ಬೇರೆ. ಇಷ್ಟು ನನಗೆ ಅರ್ಥವಾಯಿತು.

ಆಮೇಲೆ ಅವಳು ಹೇಳಿದ್ದೂ ಅರ್ಥವಾಯಿತು. ಹಳದಿ ಜಾಡಿಯಲ್ಲಿ ಉಳಿದಿದ್ದು ಬೇರೆ ಜಾತಿ. ಸೋಮನಹಳ್ಳಿಯ ಜಾಡಿಯಲ್ಲೂ ಪೂರಿಗಾಲಿಯ ಜಾಡಿಯಲ್ಲೂ ಮಾತ್ರ ಒಂದೇ. ಒಂದು ಹೆದ್ದಾರಿ ಪಕ್ಕದ ತೋಟ, ಇನ್ನೊಂದು ಅಷ್ಟು ದೂರದ ಹಳ್ಳಿಯ ಚಪ್ಪರ, ಎರಡಕ್ಕೂ ಒಂದೇ ಈಸ್ಟು ಹೇಗೆ ಬಂತು ಎಂದು ಅವಳ ಮೇಷ್ಟ್ರು ಕುತೂಹಲಪಟ್ಟಿದ್ದರು. ಶುಕ್ರವಾರ ಬೇರೆ ಕಾಲೇಜಿನವರೆಲ್ಲ ಬರುತ್ತಾರೆ, ಅವರ ಮುಂದೆ ಇದನ್ನೇ ಓದು ಎಂದಿದ್ದರಂತೆ.

ಹೇಗೆ ಬಂತು ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅವಳು ಅಷ್ಟು ಖುಷಿಯಲ್ಲಿದ್ದಳು. ತಿಂಡಿ ತಿಂದು ಬಸ್ಸು ಹತ್ತಿ ಹೋದಳು.

ಸೋಮವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಂಗಳವಾರ ಕಾಲುವೆಯ ತನಕ ನಡೆದುಹೋದೆ, ಯಾಕೆ ಬಂದೆ ಎಂದು ನೆನಪಾಗದೆ ವಾಪಸು ಬಂದೆ. ಸೊಸೆ ಏನಾಗಿದೆ ಎಂದು ಕೇಳಿದಳು, ಮಂಡಿ ನೋವು ಎಂದೆ. ಮಂಡಿ ನೋವಿನವಳು ಕಾಲುವೆಗೆ ಯಾಕೆ ಹೋದೆ ಎಂದಳು. ಹುಡುಗಿ ನಾಕು ಜನರ ಮುಂದೆ ನಿಂತು ನನ್ನ ಸೌಟಿನ ಕೆಲಸವನ್ನು ದೇವರ ಕೆಲಸ ಎಂಬಂತೆ ಓದುತ್ತಾಳೆ. ಯಾರಾದರೂ ತಿಳಿದವರು ಇನ್ನೊಂದು ವರ್ಷ ಅದೇ ಚಪ್ಪರದ ಹಣ್ಣು ತಂದು ನೋಡಿದರೆ ಇವಳು ಸುಳ್ಳಿ ಆಗುತ್ತಾಳೆ. ಫೋನು ಎರಡು ಸಲ ಕೈಗೆ ತೆಗೆದುಕೊಂಡೆ. ಫೋನಿನಲ್ಲಿ ಹೇಳುವ ಮಾತಲ್ಲ ಅನಿಸಿತು.

ಬುಧವಾರ ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕಿಕೊಂಡು ಮದ್ದೂರಿಗೆ, ಅಲ್ಲಿಂದ ಮಂಡ್ಯಕ್ಕೆ ಬಸ್ಸು ಹತ್ತಿದೆ. ಕಾಲೇಜಿನ ಗೇಟಿನಲ್ಲಿ ಕೇಳಿ ಕೇಳಿ ಲ್ಯಾಬಿನ ಕಟ್ಟಡ ಹುಡುಕಿದೆ. ಬಿಳಿ ಕೋಟು ಹಾಕಿಕೊಂಡು ಹೊರಗೆ ಬಂದವಳು ನನ್ನನ್ನು ನೋಡಿ ಯಾರಿಗೋ ಏನೋ ಆಗಿದೆ ಎಂದು ಹೆದರಿಬಿಟ್ಟಳು.

"ಯಾರ್ಗೂ ಏನೂ ಆಗಿಲ್ಲ," ಎಂದೆ. "ನಾನೇ ಒಂದು ಕೆಲ್ಸ ಮಾಡ್ಬುಟ್ಟಿದ್ದೀನಿ. ಆ ಬಿಳಿ ದಾರದ ಜಾಡಿ ಏಳ್ಲಿಲ್ಲ. ಅದಕ್ಕೆ ಕೆಂಪುದ್ರಿಂದ ವಸಿ ಹೆಪ್ಪು ಹಾಕ್ದೆ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತಳು.

"ಎಷ್ಟು ಹಾಕ್ದೆ?"

"ಒಂದು ಸೌಟು."

"ಯಾವತ್ತು?"

"ಐದನೇ ದಿನ. ಬೆಳಿಗ್ಗೆ."

ಕೋಟಿನ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡಳು. ಬರೆಯುವಾಗ ಮೂಗು ಕೆಂಪಗಾಯಿತು. ಹಾಸ್ಟೆಲಿನ ಊಟ ತಿಂದು ಸೊರಗಿದ್ದಾಳೆ ಎಂದು ಅವತ್ತು ನೋಡಿದೆ.

"ಅವತ್ತು ಭಾನ್ವಾರನೇ ಹೇಳಕ್ಕೆ ಏನಾಗಿತ್ತಜ್ಜಿ ನಿಂಗೆ?"

"ನಾಚ್ಕೆ ಆಗಿತ್ತು ಕಣೆ."

ಅವಳು ಪುಸ್ತಕ ಜೇಬಿಗೆ ಹಾಕಿಕೊಂಡಳು. ಒಳಗೆ ಹೋಗಿ ಮೇಷ್ಟ್ರಿಗೆ ಹೇಳಿ ಬಂದಳು. ಬಹಳ ಹೊತ್ತಾಯಿತು. ಶುಕ್ರವಾರ ಓದುವುದು ಇಲ್ಲವಂತೆ. ಎರಡೇ ತೋಟ ಇಟ್ಟುಕೊಂಡು ಬರೆದರೆ ಸಾಲದು, ಮೂರನೆಯದನ್ನು ಮತ್ತೆ ಮೊದಲಿನಿಂದ ಮಾಡಬೇಕು, ಒಪ್ಪಿಸಲು ಇನ್ನೂ ಸ್ವಲ್ಪ ಟೈಮಿದೆ ಎಂದರಂತೆ. ಆದರೆ ಹಣ್ಣಿಲ್ಲ. ಅವಳು ಅಲ್ಲಿಂದಲೇ ಪೂರಿಗಾಲಿಗೆ ಫೋನು ಮಾಡಿದ್ದಳು. ಬಳ್ಳಿ ಖಾಲಿ ಎಂದು ತಮ್ಮ ಹೇಳಿದ್ದ.

ಅವನು ಖಾಲಿ ಎಂದರೆ ಕೈಗೆ ಎಟುಕುವಷ್ಟು ಖಾಲಿ ಎಂದು ಅರ್ಥ. ಚಿಕ್ಕಂದಿನಿಂದ ಅವನು ಹಾಗೆಯೇ. ನಾನೇ ಹೋಗುತ್ತೇನೆ ಎಂದೆ. ಹುಡುಗಿ ನನ್ನನ್ನು ನೋಡಿದಳು. ಆ ಮನೆಗೆ ನಾನು ಹೋಗುವುದಿಲ್ಲ ಎಂದು ಅವಳು ಸಣ್ಣವಳಿದ್ದಾಗಿನಿಂದ ಕೇಳಿಕೊಂಡು ಬಂದವಳು.

ಗುರುವಾರ ಮಳವಳ್ಳಿಯಲ್ಲಿ ಇಳಿದು ಪೂರಿಗಾಲಿಯ ಬಸ್ಸು ಹಿಡಿದೆ. ಬಸ್ಸಿನಲ್ಲಿ ಜಾಗವಿದ್ದರೂ ಕೂರಲಿಲ್ಲ, ಕಂಬಿ ಹಿಡಿದುಕೊಂಡು ನಿಂತೇ ಹೋದೆ. ತಮ್ಮನ ಮನೆ ಮುಂದೆ ಹೋಗಿ ಮೊದಲು ನೋಡಿದ್ದು ಚಪ್ಪರವನ್ನೇ. ಕೆಳಗೆಲ್ಲ ಬೋಳು. ಮೇಲೆ, ಕೊಟ್ಟಿಗೆಯ ಹೆಂಚಿನ ಮೇಲೆ ಬಳ್ಳಿ ಹರಿದ ಕಡೆ, ಹತ್ತೋ ಹನ್ನೆರಡೋ ಗೊಂಚಲು ಎಲೆ ಮರೆಯಲ್ಲಿ ಇದ್ದವು.

ತಮ್ಮ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಹಗ್ಗ ಬಿಡಲಿಲ್ಲ.

"ಏನಕ್ಕ, ದಾರಿ ತಪ್ಪಿತಾ?"

"ದ್ರಾಕ್ಷಿ ಬೇಕಾಗಿತ್ತು ಕಣ್ಲಾ. ಅಲ್ಲಿ ಮೇಲೈತಲ್ಲ, ಅದು."

ಯಾಕೆ ಎಂದು ಕೇಳಿದ. ಎಲ್ಲ ಹೇಳಿದೆ. ಜಾಡಿ ಏಳದಿದ್ದದ್ದು, ಹೆಪ್ಪು ಹಾಕಿದ್ದು, ಹುಡುಗಿಯ ಕೆಲಸ ಕೆಟ್ಟದ್ದು. ಅವನು ಏಣಿ ತಂದು ಹತ್ತಿದ. ಹೆಂಚು ಒಡೆಯುತ್ತದೆ ಎಂದು ಕೆಳಗಿನಿಂದ ನಾನು, ನಂಗೊತ್ತು ಸುಮ್ನಿರು ಎಂದು ಮೇಲಿನಿಂದ ಅವನು. ಬುಟ್ಟಿ ತುಂಬ ಗೊಂಚಲು ಇಳಿಸಿಕೊಟ್ಟ. ನಾನು ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನ ಹೆಂಡತಿ ಬುಟ್ಟಿಯನ್ನು ತೊಟ್ಟಿಯ ಹತ್ತಿರ ಒಯ್ದು, ಉಪ್ಪು ನೀರು ಮಾಡಿ, ಗೊಂಚಲನ್ನೆಲ್ಲ ಅದ್ದಿ ಅದ್ದಿ ತೊಳೆಯುತ್ತಿದ್ದಳು. ಹದಿನಾರು ವರ್ಷದ ಮೇಲೆ ಬಂದ ಅಕ್ಕನಿಗೆ ಧೂಳು ಹಣ್ಣು ಕೊಟ್ಟು ಕಳಿಸುವುದೇ ಎಂದು ಅವಳ ಲೆಕ್ಕ. ಅವಳ ಕೈ ಹಿಡಿದುಕೊಂಡೆ. ಎಲ್ಲ ಮುಗಿದಿತ್ತು, ಮೂರು ಗೊಂಚಲು ಬಿಟ್ಟು. ತೊಳೆಯಬಾರದಿತ್ತು ಎಂದೆ. ಅವಳ ಮುಖ ಸಣ್ಣಗಾಯಿತು. ತಪ್ಪು ನನ್ನದು, ಮೊದಲೇ ಹೇಳಬೇಕಿತ್ತು.

ತಮ್ಮ ಮತ್ತೆ ಏಣಿ ಹತ್ತಿದ. ಹೆಂಚಿನ ಆ ತುದಿಗೆ ತೆವಳಿ, ಹಕ್ಕಿ ಕುಕ್ಕಿ ಬಿಟ್ಟಿದ್ದವನ್ನು ಬಿಟ್ಟು, ಇನ್ನೂ ಐದಾರು ಗೊಂಚಲು ಕಿತ್ತು ತಂದ. ಬೆವರು ಒರೆಸಿಕೊಳ್ಳುತ್ತಿದ್ದ. ಆಗ ಕೇಳಿಬಿಟ್ಟೆ. ಕೇಳಬೇಕು ಎಂದು ಹೋಗಿರಲಿಲ್ಲ.

"ಅವ್ವನ್ನ ಎತ್ತೋಕೆ ಮುಂಚೆ ವಸಿ ಕಾಯ್ಬೇಕಿತ್ತು ನೀನು."

ಅವನು ಬುಟ್ಟಿಯ ಬಾಯಿಗೆ ಎಲೆ ಮುಚ್ಚುತ್ತ ಹೇಳಿದ. "ಊರೋರು ನಿಲ್ಲಗೊಡ್ಲಿಲ್ಲ ಕಣಕ್ಕ, ಹೊತ್ತು ಮುಳುಗ್ತದೆ ಅಂದ್ರು. ನಾನು ಕಾಯ್ಬೇಕಿತ್ತು, ನಿಜ. ಆದ್ರೆ ನೀನೇನು ಕಾಯೋಳಾ? ಐದು ದಿನ ತಡೀನಾರ್ದೆ ಹೆಪ್ಪು ಹಾಕ್ದೋಳು."

ಅವನ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳು ನಗುತ್ತಿದ್ದಳು. ಮುದ್ದೆ ಉಂಡು ಹೋಗು ಎಂದರು, ಉಂಡೆ. ತೊಳೆದ ಗೊಂಚಲನ್ನು ಬಸ್ಸಿನಲ್ಲಿ ನಾನೇ ತಿನ್ನುತ್ತ ಬಂದೆ. ಹುಳಿ. ಬೀಜ ದೊಡ್ಡದು. ಚಿಕ್ಕಂದಿನಲ್ಲಿ ಅವ್ವ ಆ ಬೀಜವನ್ನು ನುಂಗಬೇಡ ಎಂದು ತಲೆಗೆ ಮೊಟಕುತ್ತಿದ್ದಳು.

ಈ ಸಲ ಹಣ್ಣು ಕಡಿಮೆ, ಜಾಡಿಯೂ ಚಿಕ್ಕದು. ಹಳೆಯ ಮೂರೂ ಜಾಡಿಯನ್ನು ಕೋಣೆಯಿಂದ ಆಚೆ ಹಾಕಿ, ನೆಲವನ್ನು ಬಿಸಿನೀರಿನಿಂದ ತೊಳೆದೆವು. ಹೊಸ ಸೌಟು, ಹೊಸ ಬಿಳಿ ದಾರ. ಹುಡುಗಿ ಒಂದು ದಿನ ಬಿಟ್ಟು ಒಂದು ದಿನ ಮಂಡ್ಯದಿಂದ ಬಂದು ಪುಟ್ಟ ಬಾಟಲಿ ತುಂಬಿಕೊಂಡು ಓಡುತ್ತಿದ್ದಳು. ನನ್ನ ಮೇಲೆ ನಂಬಿಕೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಅದುಮುವ ಕೆಲಸ ಮಾತ್ರ ನನ್ನ ಹತ್ತಿರವೇ ಬಿಟ್ಟಳು, ಬೇರೆ ಯಾರಿದ್ದರು.

ಎರಡು ದಿನ, ಮೂರು ದಿನ, ನಾಲ್ಕು ದಿನ. ಏನೂ ಇಲ್ಲ. ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ಸೊಸೆಯ ಕೈಗೆ ಕೊಟ್ಟೆ. ಬೆಳಿಗ್ಗೆ ಸಂಜೆ ಮಾತ್ರ ಕೊಡು, ನಡುವೆ ಕೇಳಿದರೆ ಕೊಡಬೇಡ ಎಂದೆ. ನಡುವೆ ಕೇಳಿದೆ. ಅವಳು ಕೊಡಲಿಲ್ಲ. ಅವಳಿಗೆ ಅದರಲ್ಲಿ ಸ್ವಲ್ಪ ಸಂತೋಷವೂ ಇತ್ತು. ನಾನು ಅಂಗಳ ಗುಡಿಸಿದೆ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಅವರೆಕಾಯಿ ಸುಲಿದೆ, ಹೆಸರುಕಾಳು ಆರಿಸಿದೆ, ಹರಿಯದ ಸೀರೆಗೆ ಹೊಲಿಗೆ ಹಾಕಿದೆ. ಐದನೇ ದಿನ ಬೆಳಿಗ್ಗೆ ಸಿಪ್ಪೆ ಅದುಮಿ ಮುಗಿದ ಮೇಲೂ ಜಾಡಿಯ ಮುಂದೆ ನಿಂತಿದ್ದೆ. ಮೇಲೆ ಒಂದು ಗುಳ್ಳೆಯೂ ಇಲ್ಲ. ಕೆಂಪು ದಾರದ ಜಾಡಿ ಆಚೆ ಕೊಟ್ಟಿಗೆಯಲ್ಲಿ ಇತ್ತು, ನನಗೆ ಗೊತ್ತಿತ್ತು. ಒಂದು ಸೌಟು ಸಾಕು, ಅದೂ ಗೊತ್ತಿತ್ತು. ಕೈ ತುರಿಸಿತು. ತಮ್ಮನ ಮಾತು ನೆನಪಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಗಿಲು ಎಳೆದು, ಕೀಲಿಕೈಯನ್ನು ಸೊಸೆಯ ಮಡಿಲಿಗೆ ಎಸೆದು ಹೊಲಕ್ಕೆ ಹೋದೆ.

ಆರನೇ ದಿನ ಸಂಜೆ ವಾಸನೆ ಬದಲಾಯಿತು. ಹಲಸಿನ ಹಣ್ಣು ಬಿಡಿಸಿಟ್ಟ ಕೋಣೆಯ ವಾಸನೆ. ಕೆಂಪು ಜಾಡಿಯಲ್ಲಿ ಅಂಥದ್ದು ಬಂದಿರಲಿಲ್ಲ. ಏಳನೇ ದಿನ ಬೆಳಿಗ್ಗೆ ಸಿಪ್ಪೆಯ ಸುತ್ತ ಗಾಜಿಗೆ ಹತ್ತಿಕೊಂಡು ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳ ಒಂದು ಸಾಲು. ಕಿವಿ ಇಟ್ಟೆ. ಸದ್ದು ಇತ್ತು.

ಹುಡುಗಿ ಆಮೇಲೆ ತಟ್ಟೆಗಳನ್ನು ನೋಡಿ ಹೇಳಿದಳು. ಏನೂ ಆಗುತ್ತಿಲ್ಲ ಎಂದು ನಾನು ಒದ್ದಾಡುತ್ತಿದ್ದ ಆ ಮೊದಲ ನಾಲ್ಕೈದು ದಿನವೂ ಒಳಗೆ ಕೆಲಸ ನಡೆದೇ ಇತ್ತಂತೆ. ಬೇರೆ ಎರಡು ಜಾಡಿಯಲ್ಲೂ ಕಾಣದ ಒಂದು ಜಾತಿ ಆಗ ಇತ್ತು. ನೊರೆ ಎಬ್ಬಿಸುವ ಜಾತಿಯಲ್ಲ. ಆ ಹಲಸಿನ ವಾಸನೆ ಅದರದ್ದೇ ಇರಬೇಕು ಎಂದಳು. ರಸ ಅಮಲೇರಿದ ಮೇಲೆ ಅದು ಸತ್ತುಹೋಯಿತು. ಹೋದ ಸಲ ನಾನು ಸುರಿದ ಹೆಪ್ಪು ಅದನ್ನು ಏಳುವ ಮೊದಲೇ ತುಳಿದುಹಾಕಿತ್ತು.

ಅವಳು ಬರೆದು ಒಪ್ಪಿಸಿದಳು, ಪಾಸಾಯಿತು. ಆ ಪುಸ್ತಕದಲ್ಲಿ ಒಂದು ಕಡೆ, ಮೂರನೇ ಜಾಡಿಯನ್ನು ಮೊದಲ ಸಲ ನೋಡಿಕೊಳ್ಳುತ್ತಿದ್ದವರು ಬೇರೆ ಜಾಡಿಯ ರಸ ಬೆರೆಸಿದ್ದರಿಂದ ಅದನ್ನು ಕೈಬಿಡಲಾಯಿತು ಎಂದು ಬರೆದಿದ್ದಾಳೆ. ಓದಿ ಹೇಳು ಎಂದೆ. ಓದಿದಳು. ನಿಜವೇ ಬರೆದಿದ್ದಾಳೆ.

ಗುಳ್ಳೆ ಎದ್ದ ಆ ಬೆಳಿಗ್ಗೆ, ಕೋಣೆಯಿಂದ ಹೊರಗೆ ಬರುತ್ತಿದ್ದ ಹಾಗೆ ಫೋನು ಬಂತು. ತಮ್ಮ. ಅವನು ನನಗೆ ಫೋನು ಮಾಡಿದ್ದು ಅದೇ ಮೊದಲು. ನಂಬರು ಹುಡುಗಿಯಿಂದ ತೆಗೆದುಕೊಂಡಿದ್ದನಂತೆ.

"ಎದ್ದಿತಾ?" ಎಂದ.

"ಎದ್ದದೆ."

"ನೀನೇನೂ ಹಾಕ್ಲಿಲ್ವಲ್ಲ?"

"ಇಲ್ಲ ಕಣ್ಲಾ. ಕಾಯ್ದೆ."

ಹೂಂ ಎಂದ. ಮಳೆ ಬಂತಾ ನಿಮ್ಮ ಕಡೆ ಎಂದು ಕೇಳಿ, ನಾನು ಇಲ್ಲ ಎನ್ನುವಷ್ಟರಲ್ಲಿ ಫೋನು ಇಟ್ಟುಬಿಟ್ಟ.